ಸಿಗರೇಟು, ವೇಪ್ ಮತ್ತು ನಮ್ಮ ಮಕ್ಕಳು: ಕಾನೂನು ಏನು ಹೇಳುತ್ತದೆ, ಮನೆಯವರು ಮತ್ತು ಅಂಗಡಿಯವರು ಏನು ಮಾಡಬಹುದು



ಬೆಂಗಳೂರಿನ ರಿಚರ್ಡ್ಸ್ ಟೌನ್‌ನಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಎರಡು ವರ್ಷದ ಹಿಂದೆ ಒಂದು ದಿನ ಮೊಮ್ಮಗನ ಕಾಲೇಜು ಬ್ಯಾಗಿನಿಂದ ಪೆನ್ ಡ್ರೈವ್‌ನಂತಹ ಒಂದು ವಸ್ತು ಕೆಳಗೆ ಬಿತ್ತು. ಎತ್ತಿ ಕೊಡಲು ಹೋದವನು ನಾನೇ. ಅದರಿಂದ ಮಾವಿನಹಣ್ಣಿನ ವಾಸನೆ ಬರುತ್ತಿತ್ತು. ಏನಪ್ಪಾ ಇದು ಎಂದು ಕೇಳಿದರೆ ಹುಡುಗನ ಮುಖ ಬಾಡಿತು. ಆಗ ಅವನಿಗೆ 17 ವರ್ಷ, ಎರಡನೇ ಪಿಯುಸಿ.

"ಇದು ಸಿಗರೇಟಲ್ಲ ತಾತ, ಬರೀ ಫ್ಲೇವರ್" ಎಂದ. ನಾನು ಗದರಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡೀಲಿ ನೀವು ದಿನಾ ಸಿಗರೇಟು ಮಾರ್ತೀರಲ್ಲ ತಾತ" ಎಂದು ಮೆಲ್ಲಗೆ ಹೇಳಿದ. ನನ್ನ ಬಳಿ ಉತ್ತರ ಇರಲಿಲ್ಲ.

ಆಮೇಲೆ ನಾನು ಓದಿ, ವೈದ್ಯರನ್ನೂ ತಿಳಿದವರನ್ನೂ ಕೇಳಿ ಅರ್ಥ ಮಾಡಿಕೊಂಡ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಆದರೆ ನಮ್ಮ ಸಮಾಜದಲ್ಲಿ ವ್ಯಾಪಾರಸ್ಥರು ಹೆಚ್ಚು. ಹೀಗಾಗಿ ಈ ವಿಷಯ ನಮ್ಮನ್ನು ಎರಡು ಕಡೆಯಿಂದ ಮುಟ್ಟುತ್ತದೆ, ಮನೆಯ ಹಿರಿಯರಾಗಿ ಒಂದು, ಅಂಗಡಿಯ ಯಜಮಾನರಾಗಿ ಇನ್ನೊಂದು.

ವೇಪ್ ಎಂದರೇನು?

ವೇಪ್ ಅಥವಾ ಇ-ಸಿಗರೇಟಿನೊಳಗೆ ಒಂದು ಬ್ಯಾಟರಿ, ಒಂದು ತಂತಿಯ ಸುರುಳಿ ಮತ್ತು ಸ್ವಲ್ಪ ದ್ರವ ಇರುತ್ತದೆ. ಬಾಯಿಗಿಟ್ಟು ಎಳೆದಾಗ ಸುರುಳಿ ಬಿಸಿಯಾಗಿ ದ್ರವವನ್ನು ಹೊಗೆಯಂತೆ ಮಾಡುತ್ತದೆ. ಅದು ನೀರಿನ ಆವಿ ಎಂದು ಮಕ್ಕಳು ತಿಳಿದಿದ್ದಾರೆ. ಅದು ತಪ್ಪು. ಆ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಬಣ್ಣಬಣ್ಣದ ಹೆಸರಿನ ಪರಿಮಳಗಳು, ಮತ್ತು ಬಹುತೇಕ ಎಲ್ಲದರಲ್ಲೂ ನಿಕೋಟಿನ್ ಇರುತ್ತದೆ. ಸಿಗರೇಟಿನ ಚಟ ಹಿಡಿಸುವುದೂ ಇದೇ ನಿಕೋಟಿನ್.

ಹದಿಹರೆಯದಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಸುಮಾರು 25 ವರ್ಷದವರೆಗೆ ಈ ಬೆಳವಣಿಗೆ ನಡೆಯುತ್ತದೆ ಎನ್ನುತ್ತಾರೆ. ಆ ವಯಸ್ಸಿನಲ್ಲಿ ನಿಕೋಟಿನ್ ಬಿದ್ದರೆ ಚಟ ಬೇಗ ಅಂಟುತ್ತದೆ, ಗಮನ ಮತ್ತು ಕಲಿಕೆಗೆ ತೊಂದರೆಯಾಗುತ್ತದೆ.

ಸಿಗರೇಟಿಗಿಂತ ವೇಪ್ ಕಡಿಮೆ ಹಾನಿ ಎಂಬ ವಾದವೂ ಇದೆ. ಇಂಗ್ಲೆಂಡಿನಂತಹ ದೇಶದಲ್ಲಿ ಹಳೆಯ ಸಿಗರೇಟು ಸೇವನೆಯವರಿಗೆ ಬಿಡುವ ದಾರಿಯಾಗಿ ಇದನ್ನು ಸೂಚಿಸುವುದುಂಟು. ಆದರೆ ಆ ಮಾತು ವರ್ಷಗಟ್ಟಲೆ ಸೇದಿದವರಿಗೆ ಸಂಬಂಧಿಸಿದ್ದು. ಒಂದು ಸಿಗರೇಟನ್ನೂ ಮುಟ್ಟದ ಮಗುವಿಗೆ ವೇಪ್ ಚಟ ಬಿಡಿಸುವ ಸಾಧನ ಆಗುವುದಿಲ್ಲ, ಚಟ ಕಲಿಸುವ ಸಾಧನ ಆಗುತ್ತದೆ.

ಕಾನೂನು ಏನು ಹೇಳುತ್ತದೆ?

ವೇಪ್ ಬಗ್ಗೆ: ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ, ಆನ್‌ಲೈನ್ ಮಾರಾಟವೂ ಸೇರಿ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೂ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಬೀಳಬಹುದು. "ಫ್ರೆಂಡ್‌ಗೆ ತಂದುಕೊಟ್ಟೆ ಅಷ್ಟೆ" ಎನ್ನುವ ಹುಡುಗರಿಗೆ ಈ ವಿಷಯ ತಿಳಿದಿರುವುದೇ ಇಲ್ಲ.

ಸಿಗರೇಟಿನ ಬಗ್ಗೆ: 2003ರ ತಂಬಾಕು ನಿಯಂತ್ರಣ ಕಾಯ್ದೆಯನ್ನು ಕೋಟ್ಪಾ ಎನ್ನುತ್ತಾರೆ. ಇದಕ್ಕೆ ನಮ್ಮ ರಾಜ್ಯ ಸರ್ಕಾರ 2024ರಲ್ಲಿ ತಿದ್ದುಪಡಿ ತಂದಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಗೆ ಬಂತು. ಮುಖ್ಯ ಬದಲಾವಣೆಗಳು ಇವು:

1. ತಂಬಾಕು ಪದಾರ್ಥ ಮಾರುವ ವಯಸ್ಸಿನ ಮಿತಿ 18ರಿಂದ 21ಕ್ಕೆ ಏರಿದೆ.
2. ಶಾಲೆ ಕಾಲೇಜುಗಳ ಸುತ್ತ 100 ಮೀಟರ್ ಒಳಗೆ ಮಾರುವಂತಿಲ್ಲ.
3. ಪ್ಯಾಕ್ ಒಡೆದು ಒಂದೊಂದಾಗಿ ಮಾರುವಂತಿಲ್ಲ.
4. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000 ರೂಪಾಯಿವರೆಗೆ ಆಗಿದೆ. ತಂಬಾಕು ಅಗಿದು ಉಗುಳುವುದೂ ಇದರಲ್ಲಿ ಸೇರಿದೆ.
5. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿ ದಂಡ.

ಇದರಲ್ಲಿ ಮೂರನೆಯದು ಮಕ್ಕಳ ವಿಷಯದಲ್ಲಿ ತುಂಬ ದೊಡ್ಡದು ಎಂದು ಅಂಗಡಿಯಲ್ಲಿ ಕೂತವನಾಗಿ ಹೇಳುತ್ತೇನೆ. ಹುಡುಗರ ಕೈಯಲ್ಲಿ ಇಡೀ ಪ್ಯಾಕಿನ ದುಡ್ಡು ಇರುವುದಿಲ್ಲ. ಟೀ ಕಾಸಿನ ಜೊತೆ ಒಂದು ಸಿಗರೇಟಿನ ಕಾಸು ಇರುತ್ತದೆ. ಒಂದೇ ಸಿಗರೇಟು ಜೇಬಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಮನೆಯಲ್ಲಿ ಸಿಕ್ಕಿಬೀಳುವ ಭಯವೂ ಇಲ್ಲ. ಇನ್ನೊಂದು ಮಾತು: 2016ರಿಂದ ಪ್ಯಾಕಿನ ಎರಡೂ ಮುಖದ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಲೇಬೇಕು. ಲೂಸ್ ಸಿಗರೇಟು ಕೊಳ್ಳುವ ಹುಡುಗ ಆ ಚಿತ್ರವನ್ನು ನೋಡುವುದೇ ಇಲ್ಲ. ಪ್ಯಾಕು ಅಂಗಡಿಯವನ ಹತ್ತಿರವೇ ಉಳಿಯುತ್ತದೆ.

ನಮ್ಮ ಊರಿನಲ್ಲಿ ನಡೆದಿರುವ ಪ್ರಯತ್ನ

ನಮ್ಮ ಭಾಗಕ್ಕೆ ಸಿಗರೇಟು ಹೊಸದಲ್ಲ. ಪಕ್ಕದ ಕಾಕ್ಸ್ ಟೌನ್ ಕಡೆ ಬಹಳ ಕಾಲ ದೊಡ್ಡ ಸಿಗರೇಟು ಕಾರ್ಖಾನೆಯೇ ಇತ್ತು. ಅದರಿಂದ ಎಷ್ಟೋ ಸಂಸಾರಗಳು ಊಟ ಮಾಡಿವೆ. ಸಿಗರೇಟು ಎಂದರೆ ಕೆಟ್ಟದ್ದು ಎಂದು ಆಗ ಯಾರೂ ಯೋಚಿಸುತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ. ಸಾರ್ವಜನಿಕ ಸ್ಥಳಗಳನ್ನು ಹೊಗೆಮುಕ್ತ ಮಾಡುವ ಕೆಲಸಕ್ಕಾಗಿ 2023ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಬೆಂಗಳೂರಿಗೆ ಆರೋಗ್ಯಕರ ನಗರಗಳ ಪ್ರಶಸ್ತಿ ಬಂತು. ಅಥೆನ್ಸ್, ಮೆಕ್ಸಿಕೋ ಸಿಟಿ, ಮಾಂಟೆವಿಡಿಯೋ, ವ್ಯಾಂಕೂವರ್ ಜೊತೆ ನಮ್ಮದು ಐದನೆಯ ನಗರ. ಶಾಲೆಗಳ ಮಟ್ಟದಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ತಂಬಾಕುಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿ ಇದೆ. ಅದರ ಪ್ರಕಾರ ಶಾಲೆಯ ಹೊರಗೆ ರಸ್ತೆಯ ಮೇಲೆ ಹಳದಿ ಗೆರೆ ಎಳೆದು, ಇಲ್ಲಿಂದ ಒಳಗೆ ತಂಬಾಕು ಮಾರುವಂತಿಲ್ಲ ಎಂದು ಗುರುತು ಮಾಡಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಗುಲಾಬಿ ಆಂದೋಲನ ನಡೆದಿದೆ. ಶಾಲೆಯ ಮಕ್ಕಳು ಸಾಲಾಗಿ ಹೋಗಿ ಅಂಗಡಿಯವರ ಕೈಗೆ ಗುಲಾಬಿ ಹೂವು ಕೊಟ್ಟು, ನಮ್ಮ ಶಾಲೆಯ ಹತ್ತಿರ ತಂಬಾಕು ಮಾರಬೇಡಿ ಅಂಕಲ್ ಎಂದು ಕೇಳಿಕೊಳ್ಳುತ್ತಾರೆ. ದಂಡಕ್ಕಿಂತ ಆ ಹೂವು ಕೆಲವರಿಗೆ ಹೆಚ್ಚು ಚುಚ್ಚುತ್ತದೆ.

ರಿಚರ್ಡ್ಸ್ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ನಾವು ಕೆಲವರು ಸೇರಿ ಸಣ್ಣ ಕೆಲಸ ಮಾಡಿದೆವು. ಟೇಪು ಹಿಡಿದು ಶಾಲೆಯ ಗೇಟಿನಿಂದ 100 ಮೀಟರ್ ಅಳೆದೆವು. ಅದರೊಳಗೆ ಬರುವ ಪೆಟ್ಟಿಗೆ ಅಂಗಡಿ, ಟೀ ಅಂಗಡಿಯವರ ಹತ್ತಿರ ಹೋಗಿ ಕೂತು ಮಾತಾಡಿದೆವು. ಒಬ್ಬರು ಹೇಳಿದ ಮಾತು ನೆನಪಿದೆ: "ಸಿಗರೇಟಿನಲ್ಲಿ ನನಗೆ ಉಳಿಯೋದು ಕಮ್ಮಿ ಸ್ವಾಮಿ, ಆದರೆ ಸಿಗರೇಟಿಗೆ ಬಂದವರೇ ಟೀ ಕುಡಿಯೋದು." ಅದು ನಿಜ. ನನ್ನ ಅಂಗಡಿಯ ಲೆಕ್ಕವೂ ಹಾಗೇ ಇತ್ತು. ಆದ್ದರಿಂದ ಬೈಯಲು ಹೋಗಲಿಲ್ಲ. ಕಾನೂನು ತಿಳಿಸಿ, ಮೊದಲು ಮೂರು ಕೆಲಸ ಕೇಳಿದೆವು. ಮಕ್ಕಳಿಗೆ ಕೊಡಬೇಡಿ, ಅಪ್ಪನಿಗೆ ಎಂದು ಕೇಳಿದರೂ ಕೊಡಬೇಡಿ. ಚಾಕೊಲೇಟ್ ಡಬ್ಬಿಯ ಪಕ್ಕದಿಂದ ಸಿಗರೇಟು ತೆಗೆಯಿರಿ. ಹಚ್ಚಿಕೊಳ್ಳಲು ಕಟ್ಟಿರುವ ಲೈಟರ್ ಬಿಚ್ಚಿ. ಧೂಮಪಾನ ನಿಷೇಧದ ಜಾಗದಲ್ಲಿ ಬೆಂಕಿಪೆಟ್ಟಿಗೆ, ಲೈಟರ್, ಆಷ್‌ಟ್ರೇ ಇಡುವುದು 2008ರ ನಿಯಮದ ಪ್ರಕಾರವೂ ತಪ್ಪು. ಕೆಲವರು ಮಾಡಿದರು, ಕೆಲವರು ಒಂದು ವಾರ ಮಾಡಿ ಬಿಟ್ಟರು. ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ ಬರುತ್ತಿದ್ದೇವೆ.

ಅಂಗಡಿ ಇಟ್ಟಿರುವ ನಮ್ಮವರಿಗೆ

ಸಪ್ತವ್ಯಸನಗಳ ಪಟ್ಟಿಯಲ್ಲಿ ತಂಬಾಕು ಇಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಆ ಪಟ್ಟಿಯ ಕಾಲಕ್ಕೆ ತಂಬಾಕು ನಮ್ಮ ದೇಶದಲ್ಲೇ ಇರಲಿಲ್ಲ. ಅದು ಪೋರ್ಚುಗೀಸರ ಜೊತೆ ಬಂದ ಗಿಡ. ಆದರೆ ಶ್ರಾವಕರು ಮಾಡಬಾರದ ವ್ಯಾಪಾರಗಳಲ್ಲಿ ವಿಷ ವಾಣಿಜ್ಯ ಎಂದು ಒಂದು ಇದೆ. ಪಾಠಶಾಲೆಯಲ್ಲಿ ಕಲಿತ ಕೃತ, ಕಾರಿತ, ಅನುಮೋದನೆಯೂ ಇದೆ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರನ್ನು ಒಪ್ಪುವುದು, ಮೂರರಲ್ಲೂ ಪಾಲು ಇದೆ ಎಂದು. ನಾನು ಜೀವಮಾನದಲ್ಲಿ ಸಿಗರೇಟು ಸೇದಿದವನಲ್ಲ. ಅದನ್ನೇ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೆ. ಉಳಿದ ಎರಡನ್ನು ನೆನಪಿಸಿದವನು ಮೊಮ್ಮಗ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ನಿಯಮ ತೆಗೆದುಕೊಂಡು ಅಂಗಡಿಯಿಂದ ಸಿಗರೇಟು, ಗುಟ್ಕಾ ಬದಲಿಗೆ ಬರುವ ಜರ್ದಾ ಪೊಟ್ಟಣ ಎಲ್ಲ ತೆಗೆದೆ. ನಷ್ಟ ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೊದಲ ಕೆಲವು ತಿಂಗಳು ಸಂಜೆಯ ಗಿರಾಕಿ ಕಡಿಮೆಯಾದರು. ನಂತರ ಹಾಲು, ಮೊಸರು, ದೋಸೆ ಹಿಟ್ಟು ಇಡಲು ಶುರು ಮಾಡಿದ ಮೇಲೆ ಹೆಂಗಸರು, ಮಕ್ಕಳು ಬರುವುದು ಹೆಚ್ಚಾಯಿತು. ಈಗ ಹೇಗೋ ಸರಿಹೋಗಿದೆ.

ನಿಪ್ಪಾಣಿ ಕಡೆ ಬೀಡಿ ತಂಬಾಕು, ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟು ತಂಬಾಕು ಬೆಳೆದು ಬದುಕುವ ಸಂಸಾರಗಳಿವೆ. ಅವರಿಗೆ ಇದು ಒಂದು ದಿನದ ತೀರ್ಮಾನ ಅಲ್ಲ ಎಂದು ನನಗೆ ಗೊತ್ತು. ಆದರೆ ಊರಿನ ಚಿಲ್ಲರೆ ಅಂಗಡಿಯವರು 21ರ ಒಳಗಿನವರಿಗೆ ಕೊಡುವುದಿಲ್ಲ, ಲೂಸ್ ಮಾರುವುದಿಲ್ಲ ಎಂದು ಇವತ್ತೇ ನಿಲ್ಲಿಸಬಹುದು. ಅದು ಹೇಗೂ ಕಾನೂನು.

ಮನೆಯಲ್ಲಿ ಏನು ಗಮನಿಸಬೇಕು?

ಪೆನ್ನು, ಪೆನ್ ಡ್ರೈವ್, ಹೈಲೈಟರ್ ಆಕಾರದ, ಯಾವುದಕ್ಕೆ ಎಂದು ಗೊತ್ತಾಗದ ವಸ್ತು. ಕೋಣೆಯಲ್ಲಿ ಅಥವಾ ಬಟ್ಟೆಯಲ್ಲಿ ಹಣ್ಣಿನ, ಪುದೀನದ ವಾಸನೆ. ಪದೇಪದೇ ಬಾಯಿ ಒಣಗುವುದು, ಕೆಮ್ಮು. ಬಚ್ಚಲಲ್ಲಿ ಹೆಚ್ಚು ಹೊತ್ತು. ಕಾರಣವಿಲ್ಲದ ಸಿಡುಕು. ಲೆಕ್ಕ ಸಿಗದ ಪಾಕೆಟ್ ಮನಿ. ಒಂದು ಲಕ್ಷಣ ಕಂಡ ಕೂಡಲೇ ಕಳ್ಳನನ್ನು ಹಿಡಿದಂತೆ ಮಾಡಬೇಡಿ. ಬೇರೆ ಕಾರಣವೂ ಇರಬಹುದು.

ಗೊತ್ತಾದರೆ ಹೇಗೆ ಮಾತಾಡುವುದು? ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ದಿನ ಕೂಗಾಡಿದೆ, ಮನೆತನದ ಮಾನ ಎಂದೆ. ಹುಡುಗ ಬಾಯಿ ಮುಚ್ಚಿಕೊಂಡ. ಎರಡನೇ ವಾರ ಅವನ ತಾಯಿ ಪಕ್ಕದಲ್ಲಿ ಕೂತು, ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಸಲ ಬೇಕೆನಿಸುತ್ತದೆ ಎಂದು ಸಮಾಧಾನವಾಗಿ ಕೇಳಿದಳು. ಆಗ ಎಲ್ಲ ಹೇಳಿದ. ಪರೀಕ್ಷೆಯ ಒತ್ತಡದಲ್ಲಿ ಗೆಳೆಯನೊಬ್ಬ ಕೊಟ್ಟಿದ್ದನಂತೆ. ಬಿಡಬೇಕೆಂದು ತಾನೇ ಎರಡು ಸಲ ಪ್ರಯತ್ನಿಸಿ ಸೋತಿದ್ದನಂತೆ. ನಮಗೆ ಅದು ಗೊತ್ತೇ ಇರಲಿಲ್ಲ.

ಬಿಡಬೇಕೆನ್ನುವವರಿಗೆ ಸಹಾಯ

ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356. ಕರೆ ಉಚಿತ. ಇದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದ್ದು ಕನ್ನಡದಲ್ಲಿ ಮಾತಾಡಬಹುದು. ಬಿಡುವ ದಿನ ನಿಗದಿ ಮಾಡಿಸಿ, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ.

ತಿಳಿದಿರಬೇಕಾದ ಎರಡು ಮಾತು. ಸೇದಬೇಕೆಂಬ ತುಡಿತ ಬಂದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತು ನೀರು ಕುಡಿದು, ಎದ್ದು ಓಡಾಡಿ ಕಳೆದರೆ ಸಾಕು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು ಜಾಸ್ತಿ ಇರುತ್ತದೆ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಮನೆಯವರು ಆ ದಿನಗಳಲ್ಲಿ ಮಾತಿಗೆ ಮಾತು ಬೆಳೆಸಬಾರದು. ದೊಡ್ಡವರಿಗೆ ನಿಕೋಟಿನ್ ಚೂಯಿಂಗ್ ಗಮ್ ಮುಂತಾದ ಔಷಧಿ ಇದೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ತಡವಾಯಿತು ಎಂದು ಹಿರಿಯರು ಕೈಬಿಡಬೇಕಾಗಿಲ್ಲ. ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ ಹೃದಯಾಘಾತದ ಅಪಾಯ ಸೇದುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಹುಡುಗ ಪೂರ್ತಿ ಬಿಡಲು ಏಳು ತಿಂಗಳು ಹಿಡಿಯಿತು. ನಡುವೆ ಒಂದು ಸಲ ಮತ್ತೆ ಜಾರಿದ. ಆ ಸಲ ಅವನೇ ಬಂದು ಹೇಳಿದ. ಅಂಗಡಿಯಲ್ಲಿ ಸಿಗರೇಟು ಇಡುತ್ತಿದ್ದ ಗಾಜಿನ ಪೆಟ್ಟಿಗೆ ಈಗ ಖಾಲಿ ಇಲ್ಲ, ಕಡಲೆಮಿಠಾಯಿ ಇದೆ. ರಜೆಯಲ್ಲಿ ಅವನೇ ಗಲ್ಲಾದಲ್ಲಿ ಕೂರುತ್ತಾನೆ. ಯಾರಾದರೂ ಬಂದು ಒಂದು ಸಿಗರೇಟು ಕೇಳಿದರೆ, "ಇಲ್ಲಿ ಸಿಗೋದಿಲ್ಲ ಅಣ್ಣಾ" ಎನ್ನುತ್ತಾನೆ.

ನಿಮ್ಮ ಊರಿನ ಬಸದಿಯಲ್ಲಿ, ಯುವಕ ಮಂಡಳಿಯಲ್ಲಿ, ಪಾಠಶಾಲೆಯಲ್ಲಿ ಒಂದು ಭಾನುವಾರ ಈ ವಿಷಯ ಮಾತಾಡಿ. ಮಕ್ಕಳ ಜೊತೆ ಅಂಗಡಿಯವರನ್ನೂ ಕರೆಯಿರಿ.

ಜೈ ಜಿನೇಂದ್ರ.