ತೂತು ಕೊರೆದ ರಟ್ಟಿನ ಕರಾಮತ್ತು

ಪೇಟೆಯ ಅಂಗಡಿಗಳಲ್ಲಿ ಅಡಿಕೆ ಗೋಣಿಗಳ ಮೇಲೆ ವ್ಯಾಪಾರಿಯ ಗುರುತು ಹಾಕುವುದನ್ನು ನೋಡದವರು ನಮ್ಮ ಕಡೆ ವಿರಳ. ಅಕ್ಷರ ಕತ್ತರಿಸಿದ ತಗಡನ್ನು ಗೋಣಿಯ ಮೇಲಿಟ್ಟು, ಮಸಿಯಲ್ಲಿ ಅದ್ದಿದ ಕುಂಚವನ್ನು ಒಮ್ಮೆ ಆಡಿಸಿದರಾಯಿತು. ತಗಡು ಎತ್ತಿದಾಗ ಹೆಸರು ಮೂಡಿರುತ್ತದೆ. ಅಕ್ಷರ ಬಾರದ ಕೂಲಿಯಾಳೂ ನೂರು ಗೋಣಿಗೆ ಒಂದೇ ತೆರನಾಗಿ ಹೆಸರು ಹಾಕಬಲ್ಲ. ಇಲ್ಲಿ ತೂತಿನ ಮೂಲಕ ಹಾದುಹೋಗುವುದು ಮಸಿ. ಮಸಿಯ ಬದಲು ಮನುಷ್ಯನ ನೋಟವನ್ನೇ ತೂತಿನ ಮೂಲಕ ಹಾಯಿಸಿದರೆ ಏನಾದೀತೆಂಬುದನ್ನು ಯೋಚಿಸಿದವರು ಬೇರೆ ಬೇರೆ ಕಾಲಗಳಲ್ಲಿ ಹಲವರಿದ್ದಾರೆ. ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋ ಇಂತಹದೊಂದು ರಟ್ಟನ್ನು ಗುಪ್ತ ಪತ್ರಗಳಿಗಾಗಿ ಸೂಚಿಸಿದ್ದ. ನೋಡಲು ಸಾಮಾನ್ಯವಾದ ಕಾಗದ. ಅದರ ಮೇಲೆ ತೂತಿನ ರಟ್ಟು ಇಟ್ಟರೆ ತೂತುಗಳಲ್ಲಿ ಕಾಣುವ ಪದಗಳಷ್ಟೇ ನಿಜವಾದ ಸಂದೇಶ. ಉಳಿದದ್ದೆಲ್ಲ ಬರಿಯ ಕಾಡುಹರಟೆ.

ಗೂಢಚಾರರ ಈ ಉಪಾಯ ಶಾಲಾ ಮಾಸ್ತರರ ಕೈಗೆ ಸಿಕ್ಕಿದಂತಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದಲ್ಲಿ.

ಒಂದೇ ಉತ್ತರ, ಹಲವು ಅಂಕ

1912 ಮತ್ತು 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದು ಸರಳವಾದ, ಆದರೆ ಅಧ್ಯಾಪಕ ವರ್ಗಕ್ಕೆ ಮುಜುಗರ ತರುವಂತಹ ಪ್ರಯೋಗ ನಡೆಸಿದರು. ಒಬ್ಬನೇ ವಿದ್ಯಾರ್ಥಿಯ ಉತ್ತರ ಪತ್ರಿಕೆಯ ಪ್ರತಿಗಳನ್ನು ಮಾಡಿಸಿ ಅನೇಕ ಶಾಲೆಗಳ ಅಧ್ಯಾಪಕರಿಗೆ ಕಳುಹಿಸಿ, ಅಂಕ ಹಾಕಿ ಕೊಡುವಂತೆ ಕೇಳಿಕೊಂಡರು. ಇಂಗ್ಲಿಷ್ ಪ್ರಬಂಧದಲ್ಲಿ ಅಂಕಗಳು ಹೆಚ್ಚುಕಡಿಮೆಯಾದರೆ ಆಶ್ಚರ್ಯವಿಲ್ಲವೆನ್ನೋಣ. ಆದರೆ ರೇಖಾಗಣಿತದ ಒಂದೇ ಪತ್ರಿಕೆಗೆ ಒಬ್ಬರು 28 ಅಂಕ ಕೊಟ್ಟರೆ ಇನ್ನೊಬ್ಬರು 90ಕ್ಕೂ ಮೇಲೆ ಕೊಟ್ಟಿದ್ದರು. ಹುಡುಗ ತೇರ್ಗಡೆಯೋ ನಪಾಸೋ ಎಂಬುದು ಅವನು ಬರೆದುದಕ್ಕಿಂತ ಹೆಚ್ಚಾಗಿ ಯಾರ ಮೇಜಿಗೆ ಆ ಕಾಗದ ಹೋಯಿತೆಂಬುದರ ಮೇಲೆ ನಿಂತಿತ್ತು.

ಕಾನ್ಸಾಸ್ ರಾಜ್ಯದ ಎಂಪೋರಿಯಾದ ಅಧ್ಯಾಪಕ ತರಬೇತಿ ಕಾಲೇಜಿನಲ್ಲಿದ್ದ ಫ್ರೆಡರಿಕ್ ಕೆಲ್ಲಿ 1914ರಲ್ಲಿ ಇದೇ ವಿಷಯದ ಮೇಲೆ ಪ್ರೌಢ ಪ್ರಬಂಧ ಬರೆದವರು. ಮರುವರ್ಷ ಅವರು ಸಿದ್ಧಪಡಿಸಿದ ಮೌನವಾಚನ ಪರೀಕ್ಷೆಯಲ್ಲಿ ಮಕ್ಕಳು ವಾಕ್ಯ ಬರೆಯಬೇಕಾಗಿರಲಿಲ್ಲ. ಹಸು, ಹುಲಿ, ಇಲಿ, ತೋಳ - ಇವುಗಳಲ್ಲಿ ಹೊಲಗದ್ದೆಗೆ ಉಪಯುಕ್ತವಾದ ಪ್ರಾಣಿ ಯಾವುದೋ ಅದರ ಹೆಸರಿನ ಸುತ್ತ ಗೆರೆ ಎಳೆದರಾಯಿತು. ಸರಿಯಾದ ಉತ್ತರ ಒಂದೇ. ಅಂಕ ಹಾಕುವವರ ಮನಸ್ಸು, ಕೋಪ, ಹಸಿವು ಯಾವುದೂ ನಡುವೆ ಬರುವಂತಿಲ್ಲ. ಇಂದು ಪಿ.ಎಸ್.ಸಿ. ಪರೀಕ್ಷೆಗೆ ಕುಳಿತು ವೃತ್ತ ತುಂಬಿಸುವ ನಮ್ಮ ಜಿಲ್ಲೆಯ ಯುವಕ ಯುವತಿಯರೆಲ್ಲ ಆ ಹಸುವಿನ ಸಂತತಿಯ ಹಿಂದೆಯೇ ನಡೆದವರು.

ಪಟ್ಟಾಳದ ಪರೀಕ್ಷೆ

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಲಕ್ಷಾಂತರ ಮಂದಿ ಸೈನ್ಯಕ್ಕೆ ಸೇರಿದರು. ಯಾರನ್ನು ಅಧಿಕಾರಿಯಾಗಿ ಮಾಡಬೇಕು, ಯಾರನ್ನು ಗುದ್ದಲಿ ಹಿಡಿಯಲು ಕಳುಹಿಸಬೇಕು? ರಾಬರ್ಟ್ ಯರ್ಕಿಸ್ ಎಂಬ ಮನೋವಿಜ್ಞಾನಿಯ ನಾಯಕತ್ವದ ಸಮಿತಿಯೊಂದು ‘ಆರ್ಮಿ ಆಲ್ಫಾ’ ಎಂಬ ಬುದ್ಧಿಪರೀಕ್ಷೆಯನ್ನು ರಚಿಸಿತು. ಎಂಟು ಭಾಗಗಳು, ಒಟ್ಟು 212 ಅಂಕ. ಓದು ಬಾರದವರಿಗೆ ಚಿತ್ರಗಳ ‘ಬೀಟಾ’ ಪರೀಕ್ಷೆ ಬೇರೆ. ಯುದ್ಧ ಮುಗಿಯುವುದರೊಳಗೆ 17 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೀಗೆ ಪರೀಕ್ಷಿಸಲಾಯಿತು.

ಇಷ್ಟು ಕಾಗದಗಳನ್ನು ಓದುವುದು ಯಾರು? ಓದಬೇಕಾಗಿರಲಿಲ್ಲ. ಗುಮಾಸ್ತನ ಕೈಯಲ್ಲಿ ಒಂದೊಂದು ಪುಟಕ್ಕೂ ಒಂದೊಂದು ತಾಳೆಪಟ್ಟಿಯ ಅಚ್ಚು ಇತ್ತು. ಅದನ್ನು ಪುಟದ ಮೇಲೆ ಸರಿಯಾಗಿ ಹೊಂದಿಸಿದರೆ ಸರಿಯುತ್ತರಕ್ಕೂ ಸಿಪಾಯಿ ಹಾಕಿದ ಗುರುತಿಗೂ ತಾಳೆಯಾಗುತ್ತದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಪ್ರಶ್ನೆ ಏನೆಂದು ಗುಮಾಸ್ತನಿಗೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಗೋಣಿಗೆ ಮಸಿ ಬಳಿಯುವವನ ಹಾಗೆಯೇ.

ಈ ಅಚ್ಚನ್ನು ಯಾವ ಶಾಲೆಯಲ್ಲಿಯೂ ಮಾಡಿಕೊಳ್ಳಬಹುದು. ಉತ್ತರ ಹಾಳೆಯ ಒಂದು ಖಾಲಿ ಪ್ರತಿಯನ್ನು ತೆಳ್ಳಗಿನ ರಟ್ಟಿಗೆ ಅಂಟಿಸಿ, ಸರಿಯುತ್ತರದ ಜಾಗಗಳಲ್ಲಿ ಮಾತ್ರ ತೂತು ಹೊಡೆಯಬೇಕು. ಹುಡುಗನ ಹಾಳೆಯ ಮೇಲೆ ಅದನ್ನಿಟ್ಟು, ತೂತಿನಲ್ಲಿ ಕಾಣುವ ಗುರುತುಗಳನ್ನು ಎಣಿಸಿದರೆ ಅಂಕ. ಖಾಲಿ ಕಾಣುವ ತೂತಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದುಬಿಟ್ಟರೆ ಹಾಳೆ ಹಿಂದಿರುಗಿ ಹೋದಾಗ ಸರಿಯುತ್ತರ ಯಾವುದಿತ್ತೆಂದು ಹುಡುಗನಿಗೂ ತಿಳಿಯುತ್ತದೆ. ಹಾಳೆಯ ಎರಡು ಮೂಲೆಗಳಲ್ಲಿ ಗುರುತಿನ ಚಿಹ್ನೆಯೊಂದನ್ನು ಅಚ್ಚು ಮಾಡಿಸಿ, ರಟ್ಟಿನಲ್ಲಿ ಅದೇ ಜಾಗಕ್ಕೆ ತೂತಿಡುವುದು ಅವಶ್ಯ. ಇಲ್ಲವಾದರೆ ರಟ್ಟು ಒಂದು ಸಾಲು ಕೆಳಗೆ ಜಾರಿ, ಜಾಣನೂ ದಡ್ಡನಾಗುತ್ತಾನೆ. ನಮ್ಮ ಆಟಿ ತಿಂಗಳ ಮಳೆಗೆ ಕಾಗದ ತೇವ ಹೀರಿ ಹಿಗ್ಗುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಆದರೆ ಈ ಉಪಾಯಕ್ಕೆ ಒಂದು ದೊಡ್ಡ ಕುರುಡುತನವಿದೆ. ರಟ್ಟು ತೂತಿನಲ್ಲಿ ಇದ್ದುದನ್ನಷ್ಟೇ ತೋರಿಸುತ್ತದೆ, ಉಳಿದದ್ದನ್ನು ಮುಚ್ಚುತ್ತದೆ. ನಾಲ್ಕು ಉತ್ತರಗಳಿಗೂ ಗುರುತು ಹಾಕಿದ ಪೋಕರಿಯೊಬ್ಬನಿದ್ದರೆ ಎಲ್ಲ ತೂತುಗಳೂ ತುಂಬಿ ಕಾಣುತ್ತವೆ; ನೂರಕ್ಕೆ ನೂರು! ಆದುದರಿಂದ ರಟ್ಟು ಇಡುವುದಕ್ಕೆ ಮೊದಲೇ ಹಾಳೆಯನ್ನು ಬರಿಗಣ್ಣಿನಿಂದ ನೋಡಿ, ಎರಡೆರಡು ಗುರುತು ಹಾಕಿದ ಪ್ರಶ್ನೆಗಳನ್ನು ಹೊಡೆದುಹಾಕಬೇಕು. ಇನ್ನು ಕಣ್ಣುಮುಚ್ಚಿ ಗುರುತು ಹಾಕುವವರ ಸಂಗತಿ. ನಾಲ್ಕು ಆಯ್ಕೆಗಳ ನೂರು ಪ್ರಶ್ನೆಗಳಿಗೆ ಏನೂ ತಿಳಿಯದವನು ಗುರುತು ಹಾಕುತ್ತಾ ಹೋದರೆ ಸರಾಸರಿ 25 ಸರಿಯಾಗುತ್ತವೆ, 75 ತಪ್ಪಾಗುತ್ತವೆ. ತಪ್ಪೊಂದಕ್ಕೆ ಮೂರನೆಯ ಒಂದಂಶ ಅಂಕ ಕಳೆದರೆ 25ರಲ್ಲಿ 25 ಹೋಗಿ ಸೊನ್ನೆ. ಪಿ.ಎಸ್.ಸಿ. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಮೂರನೆಯ ಒಂದಂಶ ಅಂಕ ಹೋಗುವುದರ ಹಿಂದಿನ ಲೆಕ್ಕಾಚಾರ ಇದೇ, ಅದು ಶಿಕ್ಷೆಯಲ್ಲ.

ರಟ್ಟಿನ ಕುರುಡುತನಕ್ಕಿಂತ ಪ್ರಶ್ನೆ ಕೇಳಿದವರ ಕುರುಡುತನ ಹೆಚ್ಚಿನದಾಗಿತ್ತು. ಆಲ್ಫಾ ಪರೀಕ್ಷೆಯಲ್ಲಿ ‘ಕ್ರಿಸ್ಕೋ’ ಎಂಬುದು ಔಷಧಿಯೋ, ಕ್ರಿಮಿನಾಶಕವೋ, ಹಲ್ಲುಜ್ಜುವ ವಸ್ತುವೋ, ಆಹಾರ ಪದಾರ್ಥವೋ ಎಂಬ ಪ್ರಶ್ನೆಯಿತ್ತು. ಅದು ಅಲ್ಲಿನ ಅಂಗಡಿಗಳಲ್ಲಿ ಮಾರುತ್ತಿದ್ದ, ವನಸ್ಪತಿಯಂತಹ ಅಡುಗೆ ಕೊಬ್ಬು. ನಿನ್ನೆ ಮೊನ್ನೆ ಇಟಲಿಯಿಂದಲೋ ಪೋಲೆಂಡಿನಿಂದಲೋ ಹಡಗಿನಿಂದಿಳಿದ ರೈತನ ಮಗನಿಗೆ ಅದು ಹೇಗೆ ತಿಳಿಯಬೇಕು? ಪರಭಾಷೆಯಲ್ಲಿ ಪ್ರಶ್ನೆ ಓದಿ ಉತ್ತರಿಸುವವರ ಪಾಡನ್ನು ಈ ಜಿಲ್ಲೆಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಅಮೆರಿಕದಲ್ಲಿ ಇಪ್ಪತ್ತು ವರ್ಷ ನೆಲೆಸಿದವರು ಅಲ್ಲಿಯೇ ಹುಟ್ಟಿದವರಷ್ಟೇ ಅಂಕ ಪಡೆದಿದ್ದರು, ಹೊಸಬರು ಕಡಮೆ ಪಡೆದಿದ್ದರು. ಪರೀಕ್ಷೆ ಅಳೆದದ್ದು ಬುದ್ಧಿಯನ್ನಲ್ಲ, ಆ ದೇಶದ ಪರಿಚಯವನ್ನು ಎಂದು ಇದರಿಂದ ಯಾರಿಗಾದರೂ ಹೊಳೆಯಬೇಕಿತ್ತು. ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ಮರಿಗೆ ಹೊಳೆಯಲಿಲ್ಲ. ದಕ್ಷಿಣ ಮತ್ತು ಪೂರ್ವ ಯೂರೋಪಿನವರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕೀಳೆಂದು 1923ರಲ್ಲಿ ಅವರು ಪುಸ್ತಕವನ್ನೇ ಬರೆದರು. ಮರುವರ್ಷ ಅಂತಹವರ ವಲಸೆಯನ್ನು ಕಟ್ಟುನಿಟ್ಟಾಗಿ ತಡೆಯುವ ಕಾಯಿದೆ ಬಂತು. ಕಾಯಿದೆಗೆ ಆ ಪುಸ್ತಕವೊಂದೇ ಕಾರಣವೆನ್ನುವುದು ಸರಿಯಲ್ಲ. ಆದರೆ ವಲಸೆ ಬೇಡವೆನ್ನುತ್ತಿದ್ದವರ ಕೈಗೆ ಅಂಕಿ ಅಂಶಗಳ ಕೋಲು ಕೊಟ್ಟದ್ದು ಈ ಪರೀಕ್ಷೆಗಳೇ. 1930ರಲ್ಲಿ ಬ್ರಿಗಮ್ ತಮ್ಮ ವಾದಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಒಪ್ಪಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಕಾಯಿದೆಗೆ ಆರು ವರ್ಷ ತುಂಬಿತ್ತು.

ಪೆನ್ಸಿಲಿನ ವಿದ್ಯುತ್ತು

ತೂತಿನ ರಟ್ಟಿಗೆ ಯಂತ್ರದ ಕೈಕಾಲು ಕೊಟ್ಟವರು ಒಬ್ಬ ಹೈಸ್ಕೂಲ್ ಅಧ್ಯಾಪಕರೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಸಣ್ಣ ಊರಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ರೆನಾಲ್ಡ್ ಜಾನ್ಸನ್ ಹುಡುಗನಾಗಿದ್ದಾಗ, ಅಕ್ಕಂದಿರನ್ನು ನೋಡಲು ಬರುತ್ತಿದ್ದ ತರುಣರ ಕಾರುಗಳ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಪೆನ್ಸಿಲಿನಿಂದ ಗೀಚಿಬಿಡುತ್ತಿದ್ದರಂತೆ. ಸೀಸದ ಕಡ್ಡಿಯೆಂದು ನಾವು ಕರೆಯುವ ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುತ್ತದೆ. ಕಿಡಿ ಹಾರಬೇಕಾದ ವಿದ್ಯುತ್ತು ಗೀಟಿನ ಮೂಲಕ ಸೋರಿಹೋಗಿ ಕಾರು ಹೊರಡುತ್ತಿರಲಿಲ್ಲ. ಮುಂದೆ ಅಧ್ಯಾಪಕರಾಗಿ ಉತ್ತರ ಹಾಳೆಗಳ ರಾಶಿಯ ಮುಂದೆ ಕುಳಿತಾಗ ಅವರಿಗೆ ಈ ಕೀಟಲೆಯೇ ಉಪಕಾರಕ್ಕೆ ಬಂತು. ಸರಿಯುತ್ತರದ ಜಾಗದಲ್ಲಿ ಪೆನ್ಸಿಲ್ ಗುರುತು ಇದ್ದರೆ ಅಲ್ಲಿ ವಿದ್ಯುತ್ತು ಹರಿಯಬೇಕು. ಒಟ್ಟು ಹರಿದ ವಿದ್ಯುತ್ತನ್ನು ಮುಳ್ಳಿನ ಮೇಲೆ ಓದಿದರೆ ಅದೇ ಅಂಕ. ಕೆಲವರು ಒತ್ತಿ ಬರೆಯುತ್ತಾರೆ, ಕೆಲವರು ತೇಲಿಸಿ ಬರೆಯುತ್ತಾರೆ. ಗುರುತಿನ ದಪ್ಪಕ್ಕೆ ತಕ್ಕಂತೆ ಅಂಕ ಏರುಪೇರಾದರೆ ಗತಿಯೇನು? ಪ್ರತಿಯೊಂದು ಗುರುತಿನ ದಾರಿಯಲ್ಲಿಯೂ ದೊಡ್ಡ ವಿದ್ಯುತ್ ರೋಧಕವೊಂದನ್ನು ಇಟ್ಟು, ಗುರುತಿನ ವ್ಯತ್ಯಾಸ ಲೆಕ್ಕಕ್ಕೇ ಬಾರದಂತೆ ಮಾಡಿದ್ದು ಜಾನ್ಸನ್ನರ ಜಾಣತನ.

ಐ.ಬಿ.ಎಂ. ಕಂಪೆನಿ 1934ರಲ್ಲಿ ಅವರನ್ನು ಕರೆಸಿಕೊಂಡಿತು. 1938ರಲ್ಲಿ ‘805’ ಎಂಬ ಯಂತ್ರ ಹೊರಬಂತು. ಒಂದು ಹಾಳೆಯಲ್ಲಿ 750 ಗುರುತಿನ ಸ್ಥಾನಗಳು. ಪಳಗಿದ ಕೈಯವನು ಗಂಟೆಗೆ ಸುಮಾರು 800 ಹಾಳೆಗಳನ್ನು ತಿದ್ದಬಲ್ಲ. ಯಂತ್ರಕ್ಕೆ ಸರಿಯುತ್ತರ ಯಾವುದೆಂದು ಹೇಳಿಕೊಡುತ್ತಿದ್ದುದು ಮಾತ್ರ ಹಳೆಯ ಉಪಾಯವೇ - ತೂತು ಕೊರೆದ ಒಂದು ಹಾಳೆ! ಇದೇ ಜಾನ್ಸನ್ ಮುಂದೆ 1956ರಲ್ಲಿ ಹೊರಬಂದ ಜಗತ್ತಿನ ಮೊದಲ ಕಂಪ್ಯೂಟರ್ ಡಿಸ್ಕ್ ಸಂಗ್ರಾಹಕದ ತಂಡದ ನಾಯಕರಾದರು.

ಅಯೋವಾದ ಲಿಂಡ್‌ಕ್ವಿಸ್ಟ್ 1955ರ ಸುಮಾರಿಗೆ ವಿದ್ಯುತ್ತಿನ ಬದಲು ಬೆಳಕಿನಿಂದ ಗುರುತನ್ನು ಓದುವ ಯಂತ್ರ ಮಾಡಿದರು. 1972ರಲ್ಲಿ ಸ್ಥಾಪನೆಯಾದ ಸ್ಕ್ಯಾಂಟ್ರಾನ್ ಕಂಪೆನಿ ಅದನ್ನು ಶಾಲೆಗಳ ಮೇಜಿಗೆ ತಂದಿತು. ಇಂದಿನ ಓ.ಎಂ.ಆರ್. ಹಾಳೆ ಅದರ ವಂಶದ್ದು. ಅದರಲ್ಲಿ ರಟ್ಟೂ ಇಲ್ಲ, ತೂತೂ ಇಲ್ಲ. ಯಾವ ಸ್ಥಾನ ಸರಿ ಎಂಬ ಪಟ್ಟಿ ಕಂಪ್ಯೂಟರಿನ ನೆನಪಿನಲ್ಲಿದೆ.

ಯಂತ್ರವಿಲ್ಲದ ಕಡೆ ಕೈ ಉಪಾಯಗಳೂ ನಡೆದವು. ಉದ್ಯೋಗದ ಅಭಿರುಚಿ ತಿಳಿಯುವ ಕೂಡರ್ ಪರೀಕ್ಷೆಯಲ್ಲಿ ಪೆನ್ಸಿಲೇ ಬೇಡ, ಒಂದು ಗುಂಡುಸೂಜಿ ಸಾಕು. ಇಷ್ಟವಾದ ಜಾಗದಲ್ಲಿ ಚುಚ್ಚುವುದು. ಹಾಳೆಗಳ ಹಿಂಬದಿಯಲ್ಲಿ ಅಚ್ಚಾದ ವೃತ್ತಗಳೊಳಗೆ ಎಷ್ಟು ತೂತು ಬಿದ್ದಿವೆಯೆಂದು ಎಣಿಸುವುದು. ಇಲ್ಲಿ ತೂತು ಕೊರೆಯುವವನು ಪರೀಕ್ಷಾರ್ಥಿಯೇ. ಮಿನ್ನೆಸೋಟಾದ ಮನೋವೈದ್ಯ ಪರೀಕ್ಷೆಯಲ್ಲಂತೂ ಐನೂರಕ್ಕೂ ಮೇಲ್ಪಟ್ಟು ಹೇಳಿಕೆಗಳು. ಒಂದೇ ಉತ್ತರ ಹಾಳೆಯ ಮೇಲೆ ಒಂದಾದ ಮೇಲೊಂದು ಬೇರೆ ಬೇರೆ ಅಚ್ಚುಗಳನ್ನಿಟ್ಟು, ಒಂದರಲ್ಲಿ ಖಿನ್ನತೆ, ಇನ್ನೊಂದರಲ್ಲಿ ಸಂಶಯ ಪ್ರವೃತ್ತಿ ಹೀಗೆ ಎಣಿಸುತ್ತಾರೆ.

ಕಾಣದವರ ಗುಟ್ಟಿನ ಮತ

ಇದುವರೆಗೆ ಹೇಳಿದ್ದೆಲ್ಲ ಕಣ್ಣಿದ್ದವರು ನೋಡುವ ತೂತು. ಬೆರಳಿನಿಂದ ನೋಡುವ ತೂತು ಇದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆಂದು ನನ್ನ ಅಭಿಪ್ರಾಯ. ಅಂಧರು ಬ್ರೈಲ್ ಬರೆಯುವ ಹಲಗೆಯೇ ಇದಕ್ಕೆ ಉದಾಹರಣೆ. ಮೇಲಿನ ಪಟ್ಟಿಯಲ್ಲಿ ಸಾಲಾಗಿ ಕಿಟಕಿಗಳು, ಕೆಳಗಿನದರಲ್ಲಿ ಕಿಟಕಿಗೆ ಆರರಂತೆ ಗುಳಿಗಳು, ನಡುವೆ ಕಾಗದ. ಕಿಟಕಿ ಇಲ್ಲದಿದ್ದರೆ ಮೊಳೆ ಎಲ್ಲಿ ಊರಬೇಕೆಂದು ತಿಳಿಯದು.

ನಮ್ಮ ದೇಶದ ಚುನಾವಣಾ ನಿಯಮದಂತೆ ದೃಷ್ಟಿಯಿಲ್ಲದ ಮತದಾರ ಹದಿನೆಂಟು ತುಂಬಿದ ಒಬ್ಬ ಜತೆಗಾರನನ್ನು ಒಳಗೆ ಕರೆದುಕೊಂಡು ಹೋಗಬಹುದು. ಆ ಜತೆಗಾರ ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು. ಬರೆದುಕೊಟ್ಟರೂ ಅವನಿಗೆ ಗುಟ್ಟು ತಿಳಿದೇ ತಿಳಿಯುತ್ತದೆ. ಜತೆಗಾರ ಸ್ವಂತ ತಮ್ಮನೇ ಆಗಿ, ಮನೆಯೊಳಗೆ ಎರಡು ಪಕ್ಷಗಳಿದ್ದರೆ ಪೇಚಾಟ ಇನ್ನೂ ಹೆಚ್ಚು. ಈಗ ಮತಯಂತ್ರದ ಬಟನುಗಳ ಬಳಿ ಬ್ರೈಲ್ ಅಂಕೆಗಳಿರುವುದರಿಂದ, ಓದಬಲ್ಲವರು ತಾವೇ ಒತ್ತಬಹುದು.

ಕಾಗದದ ಮತಪತ್ರವನ್ನೇ ಉಳಿಸಿಕೊಂಡಿರುವ ಜರ್ಮನಿಯಲ್ಲಿ ಅಂಧರ ಸಂಘಗಳು ರಟ್ಟಿನ ಅಚ್ಚನ್ನು ಮಾಡಿ ಮನೆಗೆ ಕಳುಹಿಸುತ್ತವೆ. ಅದರ ಖರ್ಚನ್ನು ಸರಕಾರ ತುಂಬಿಕೊಡುತ್ತದೆ. ಮತಪತ್ರವನ್ನು ಅಚ್ಚಿನೊಳಗಿಟ್ಟರೆ ಗುರುತು ಹಾಕುವ ವೃತ್ತಗಳ ಮೇಲೆ ಸರಿಯಾಗಿ ತೂತುಗಳು ಬರುತ್ತವೆ. ಅವುಗಳ ಪಕ್ಕದಲ್ಲಿ ಬೆರಳಿಗೆ ತಾಗುವ ಅಂಕೆಗಳು. ಯಾವ ಅಂಕೆಗೆ ಯಾವ ಅಭ್ಯರ್ಥಿ ಎಂಬುದನ್ನು ಧ್ವನಿಮುದ್ರಿಕೆಯಲ್ಲಿ ಮೊದಲೇ ಕೇಳಿಕೊಂಡಿರುತ್ತಾರೆ. ಮತಪತ್ರ ತಲೆಕೆಳಗಾಗಿ ಹೋದರೆ? ಅದಕ್ಕಾಗಿ ಎಲ್ಲ ಮತಪತ್ರಗಳ ಬಲಮೇಲಿನ ಮೂಲೆಯನ್ನು ಕತ್ತರಿಸಿರುತ್ತಾರೆ ಅಥವಾ ತೂತು ಹೊಡೆದಿರುತ್ತಾರೆ. ಅಂಧರ ಮತಪತ್ರಕ್ಕೆ ಮಾತ್ರ ಹೀಗೆ ಮಾಡಿದ್ದರೆ ಎಣಿಸುವಾಗ ಅದು ಯಾರದೆಂದು ಗೊತ್ತಾಗಿಬಿಡುತ್ತಿತ್ತು. ಎಲ್ಲರದಕ್ಕೂ ಮಾಡಿದ್ದರಿಂದ ಗುಟ್ಟು ಉಳಿಯಿತು. ಆಫ್ರಿಕದ ಬಡ ದೇಶ ಲೈಬೀರಿಯಾದಲ್ಲಿಯೂ 2005ರ ಚುನಾವಣೆಗೆ ಇಂತಹ ರಟ್ಟನ್ನು ಬಳಸಿದರು.

ಇನ್ನು ಬ್ಯಾಂಕಿನ ಸಹಿ. ದೃಷ್ಟಿ ಕುಂದಿದ ಹಿರಿಯರು ಪಿಂಚಣಿಯ ಫಾರಮಿನಲ್ಲಿ ಸಹಿ ಹಾಕುವಾಗ ಗೆರೆ ತಪ್ಪಿ, ಮಾದರಿ ಸಹಿಗೆ ತಾಳೆಯಾಗದೆ, ಕೊನೆಗೆ ಹೆಬ್ಬೆಟ್ಟು ಒತ್ತಿ ಬರುವುದುಂಟು. ಜೀವಮಾನವಿಡೀ ಸಹಿ ಹಾಕಿದವರಿಗೆ ಅದೊಂದು ಸಂಕಟ. ಇದಕ್ಕೆ ಬೇಕಾದದ್ದು ಉದ್ದನೆಯ ಒಂದು ಕಿಂಡಿಯಿರುವ ರಟ್ಟು. ಕಿಂಡಿಯನ್ನು ಸಹಿಯ ಜಾಗಕ್ಕೆ ಹೊಂದಿಸಿ ಯಾರಾದರೂ ಹಿಡಿದುಕೊಟ್ಟರೆ, ಪೆನ್ನು ಅದರ ಅಂಚಿಗೆ ತಾಗುತ್ತಾ ನೇರವಾಗಿ ಸಾಗುತ್ತದೆ. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಮನೆಯಲ್ಲಿಯೇ ಇದನ್ನು ಮಾಡಬಹುದು. ಕಿಂಡಿ ಮೂರು ಇಂಚು ಉದ್ದವಿದ್ದರೆ ಸಾಕು. ಎತ್ತರವನ್ನು ಮಾತ್ರ ಇಂಗ್ಲಿಷ್ ಸಹಿಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಇಡಬೇಕು. ಕನ್ನಡದಲ್ಲಿ ಸಹಿ ಹಾಕುವವರ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಲ್ಲವೇ?