ಹೆಳವರ ವಂಶಾವಳಿಗಳೂ ಅವುಗಳ ಡಿಜಿಟಲ್ ಪ್ರತಿಗಳೂ

ತುಂಗಭದ್ರೆಯ ಬಲದಂಡೆಯ ಮೇಲಿರುವ ಮಾಗಳವು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯವು ಅಲ್ಲಿರುವುದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಸೀಮೆಯಲ್ಲೆಲ್ಲ ಇಂತಹ ಗುಡಿಗಳೂ ಕಲ್ಲುಗಳೂ ಹೇರಳವಾಗಿವೆ. ಆ ಕಲ್ಲುಗಳ ಮೇಲೆ ಅರಸರ ವಂಶವುಂಟು, ಮಾಂಡಲಿಕರ ವಂಶವುಂಟು, ದತ್ತಿಯನ್ನು ಬಿಟ್ಟ ದಂಡನಾಯಕನ ತಂದೆತಾಯಿಗಳ ಹೆಸರುಂಟು. ಆದರೆ ಆ ದತ್ತಿಯ ಹೊಲವನ್ನು ಉತ್ತವನ ಅಜ್ಜನಾರು, ಅವನು ಯಾವ ಊರಿನಿಂದ ಬಂದವನು, ಅವನ ಮಕ್ಕಳು ಎಲ್ಲೆಲ್ಲಿ ಚದರಿದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳುವವನು ಹೆಳವ. ಅವನ ಹೊತ್ತಗೆಯು ಈಗ ಯಾವ ಸ್ಥಿತಿಯಲ್ಲಿದೆ, ಅದನ್ನು ಡಿಜಿಟಲ್ ರೂಪಕ್ಕೆ ತರುವಾಗ ಏನು ಉಳಿದೀತು, ಏನು ಕಳೆದೀತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1909ರಲ್ಲಿ ಮದ್ರಾಸಿನಿಂದ ಪ್ರಕಟವಾದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ನನು ಹೆಳವರನ್ನು ಕುರಿತು ಬರೆಯುತ್ತ, ಬಳ್ಳಾರಿ, ಮೈಸೂರು ಮೊದಲಾದ ಕಡೆಗಳಲ್ಲಿ ಇವರು ಗ್ರಾಮಚರಿತ್ರೆಗಳ ಪಾಲಕರೆಂದು ಹೇಳಿರುವನು. ಹೆಳವನೆಂದರೆ ಕುಂಟ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುವುದು ಅವರ ಪದ್ಧತಿಯಾಗಿತ್ತು. ಮನೆಮನೆಯ ಮುಂದೆ ನಿಂತು ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ಹಿರಿಯರ ಹೆಸರನ್ನೂ ಹೇಳುತ್ತಿದ್ದರು. ಕುಂಟತನವು ನಿಜವಾದುದಲ್ಲ, ವೃತ್ತಿಯ ಲಾಂಛನ ಮಾತ್ರ. ಲಿಂಗಾಯತರು, ರೆಡ್ಡಿಗಳು, ಕುರುಬರು ಮುಂತಾದ ಬೇಸಾಯಗಾರ ಮತ್ತು ಪಶುಪಾಲಕ ಸಮಾಜಗಳು ಇವರ ಒಕ್ಕಲುಗಳು. ಸುಗ್ಗಿಯು ಮುಗಿದ ಮೇಲೆ ಹೆಳವನು ಬರುವನು. ಹೋದ ಸಲ ಬಂದಾಗಿನಿಂದ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಬರೆದುಕೊಳ್ಳುವನು. ವಂಶವನ್ನು ಹೊಗಳಿ ಹೇಳುವನು. ಕಾಳು, ಬಟ್ಟೆ, ಹಣ, ಕೆಲವೆಡೆ ದನವನ್ನೋ ಕುರಿಯನ್ನೋ ಪಡೆದು ಮುಂದಿನ ಮನೆಗೆ ಹೋಗುವನು. ಯಾವ ಊರು ಯಾವ ಹೆಳವನಿಗೆ ಸೇರಿದುದೆಂಬುದು ತಂದೆಯಿಂದ ಮಗನಿಗೆ ಬರುವ ಹಕ್ಕು. ಅಣ್ಣತಮ್ಮಂದಿರು ಪಾಲಾದಾಗ ಹೊಲಮನೆಗಳಂತೆಯೇ ಊರುಗಳೂ ಹೊತ್ತಗೆಗಳೂ ಪಾಲಾಗುವುವು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಹೆಳವನ ಹೊತ್ತಗೆಯು ನಾವು ಓದುವ ಅರ್ಥದಲ್ಲಿ ಗ್ರಂಥವಲ್ಲ. ಅದರಲ್ಲಿ ಮನೆತನದ ಹೆಸರು, ಬೆಡಗು, ಮೂಲಸ್ಥಳ, ಮನೆದೇವರು, ಅನಂತರ ತಲೆಮಾರುಗಳ ಹೆಸರುಗಳು ಬರುವುವು. ಬರಿಯ ಹೆಸರುಗಳ ಸರಣಿ. ಮೂಲಪುರುಷನು ಮೊದಲ ಊರನ್ನು ಏಕೆ ಬಿಟ್ಟನು, ದಾರಿಯಲ್ಲಿ ಯಾವ ಹೊಳೆಯನ್ನು ದಾಟಿದನು, ಯಾರ ಮನೆಯಲ್ಲಿ ಆಶ್ರಯ ಪಡೆದನು ಎಂಬುದೆಲ್ಲ ಬಹುಮಟ್ಟಿಗೆ ಬಾಯಿಯಲ್ಲಿರುವುದು. ಬರಹವು ಬೀಜ, ಹೇಳಿಕೆಯು ಬೆಳೆ. ಆದುದರಿಂದ ಹೊತ್ತಗೆಯ ಪುಟಗಳನ್ನು ಮಾತ್ರ ಛಾಯಾಚಿತ್ರ ತೆಗೆದು, ಹೆಳವರ ದಾಖಲೆಯನ್ನು ಉಳಿಸಿದೆವೆಂದು ತೃಪ್ತಿಪಡುವುದು ಸಂಗೀತದ ಸ್ವರಲಿಪಿಯನ್ನು ಉಳಿಸಿ ಗಾಯಕನನ್ನು ಮರೆತಂತೆ.

ಹಳೆಯ ವಂಶದಾಖಲೆಗಳನ್ನು ಪ್ರತಿಮಾಡುವ ಕೆಲಸವು ಇಂದು ಪ್ರಪಂಚದ ಹಲವೆಡೆಗಳಲ್ಲಿ ನಡೆದಿದೆ. ಐರ್ಲೆಂಡಿನ ಉದಾಹರಣೆಯು ನಮಗೆ ಬೋಧಪ್ರದವಾಗಿದೆ. ಅಂತರ್ಯುದ್ಧದ ಆರಂಭದಲ್ಲಿ, 1922ನೆಯ ಜೂನ್ 30ರಂದು, ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರವು ಸ್ಫೋಟಕ್ಕೂ ಬೆಂಕಿಗೂ ಆಹುತಿಯಾಯಿತು. ಅಲ್ಲಿ ತಂದು ಕೂಡಿಸಿದ್ದ ಐರ್ಲೆಂಡಿನ ಪ್ರಾಟೆಸ್ಟಂಟ್ ಚರ್ಚಿನ ಬಹುಸಂಖ್ಯೆಯ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ಪುಸ್ತಕಗಳೂ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಜನಗಣತಿಯ ಹಾಳೆಗಳಲ್ಲಿ ಬಹುಭಾಗವೂ ನಾಶವಾದುವು. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಮಾತ್ರ ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದುದರಿಂದ ಉಳಿದುಕೊಂಡುವು. ಅವುಗಳ ಮೈಕ್ರೋಫಿಲ್ಮುಗಳಿಂದ ತಯಾರಾದ ಮೂರೂವರೆ ಲಕ್ಷಕ್ಕೂ ಮೀರಿದ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ನೆಯ ಜುಲೈ ತಿಂಗಳಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಸುಟ್ಟುಹೋದ ಭಂಡಾರವನ್ನು ಇತರ ಕಡೆಗಳಲ್ಲಿ ಸಿಕ್ಕ ನಕಲುಗಳಿಂದ ಮತ್ತೆ ಕಟ್ಟುವ ಯತ್ನವೂ ನಡೆದು, ಆ ಬೆಂಕಿಯ ನೂರನೆಯ ವರ್ಷವಾದ 2022ರಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಒಂದೆಡೆ ಕೂಡಿಸಿದುದು ಒಂದೇ ಸಲ ಹೋಯಿತು, ಚದರಿದುದು ಉಳಿಯಿತು. ಹೆಳವರ ಹೊತ್ತಗೆಗಳನ್ನೆಲ್ಲ ಕೊಂಡು ತಂದು ಒಂದು ನಗರದ ಕಪಾಟಿನಲ್ಲಿ ಇಡಬೇಕೆನ್ನುವವರು ಇದನ್ನು ಮನಸ್ಸಿನಲ್ಲಿಡಬೇಕು.

ಪ್ರಾಸಂಗಿಕವಾಗಿ ಒಂದು ಮಾತು. ಐರ್ಲೆಂಡಿನ ವಂಶಶೋಧಕರಿಗೆ ಬಳ್ಳಾರಿಯ ಹೆಸರು ಹೊಸದಲ್ಲ. ಬಳ್ಳಾರಿಯ ದಂಡಿನಲ್ಲಿ ಐರಿಷ್ ಸಿಪಾಯಿಗಳು ಸೇವೆ ಸಲ್ಲಿಸಿದ್ದರು. ಮದ್ರಾಸ್ ಆಧಿಪತ್ಯದ ಚರ್ಚುಗಳ ಜನನ, ವಿವಾಹ, ಮರಣಗಳ ಪಟ್ಟಿಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದುವು; ಅವು ಈಗ ಬ್ರಿಟಿಷ್ ಗ್ರಂಥಾಲಯದಲ್ಲಿವೆ, ಡಿಜಿಟಲ್ ರೂಪದಲ್ಲಿಯೂ ದೊರೆಯುತ್ತವೆ. ಮದ್ರಾಸ್ ಆಧಿಪತ್ಯದ ಗೋರಿಗಳ ಮೇಲಣ ಬರಹಗಳನ್ನು ಜೂಲಿಯನ್ ಜೇಮ್ಸ್ ಕಾಟನ್ನನು 1905ರಲ್ಲಿಯೇ ಪಟ್ಟಿಮಾಡಿದನು. ಬಳ್ಳಾರಿಯಲ್ಲಿ ತೀರಿಕೊಂಡ ಸಿಪಾಯಿಯ ಹೆಸರನ್ನು ಅವನ ಮರಿಮೊಮ್ಮಗಳು ಡಬ್ಲಿನ್ನಿನಲ್ಲಿ ಕುಳಿತು ಹುಡುಕಬಲ್ಲಳು. ಅದೇ ಕಾಲದ ಮಾಗಳದ ಒಕ್ಕಲಿನ ಹೆಸರನ್ನು ಅವನ ಮರಿಮೊಮ್ಮಗನು ಹಡಗಲಿಯಲ್ಲಿ ಕುಳಿತು ಹುಡುಕಲಾರನು. ಇದು ಸ್ವಲ್ಪ ನಾಚಿಕೆಯ ಸಂಗತಿಯೇ ಸರಿ.

ಸರ್ಕಾರದ ದಾಖಲೆಗಳು ನಮ್ಮಲ್ಲಿ ಇಲ್ಲವೆಂದಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋವಿನ ಕೈಕೆಳಗೆ ಹೊಲಗಳ ಅಳತೆಯೂ ರೈತವಾರಿ ತೀರ್ವೆಯೂ ನಡೆದುವು. ಕರ್ನಲ್ ಮೆಕೆಂಜಿಯ ಸಹಾಯಕರು ಊರೂರು ಸುತ್ತಿ ಕೈಫಿಯತ್ತುಗಳನ್ನು ಬರೆಸಿದರು. 1858ರಲ್ಲಿ ಏರ್ಪಟ್ಟ ಇನಾಂ ಕಮಿಷನ್ನಿನ ಪುಸ್ತಕಗಳಲ್ಲಿ ಮಾನ್ಯದ ಮೂಲವನ್ನೂ ಹಕ್ಕುದಾರರ ಹೆಸರನ್ನೂ ಕಾಣಬಹುದು. 1899ರ ಮದ್ರಾಸ್ ಕಾಯಿದೆಯಂತೆ ಜನನಮರಣಗಳ ನೋಂದಣಿಯೂ ನಡೆಯಿತು. ತೊಡಕಿರುವುದು ಇವು ಇರುವ ಸ್ಥಳದಲ್ಲಿ. ಬಳ್ಳಾರಿ ಜಿಲ್ಲೆಯು 1953ನೆಯ ಅಕ್ಟೋಬರ್ 1ರ ವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಹಿಂದಿನ ಮೇಲ್ಮಟ್ಟದ ಕಾಗದಪತ್ರಗಳು ಚೆನ್ನೈಯಲ್ಲಿವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ಐದು ತಾಲ್ಲೂಕುಗಳೂ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಗೆ ಸೇರಿದುವು. ಒಂದು ಮನೆತನದ ಕಾಗದಗಳನ್ನು ಹುಡುಕುವವನು ಮೂರುನಾಲ್ಕು ಪಟ್ಟಣಗಳನ್ನು ಸುತ್ತಬೇಕಾಗಿ ಬರುವುದು. ತಾಲ್ಲೂಕು ಕಚೇರಿಗಳ ದಾಖಲೆಕೋಣೆಯ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಕಂದಾಯ ಇಲಾಖೆಯು 2024ರಿಂದ ಕೈಗೊಂಡಿರುವುದು ಸಂತೋಷದ ವಿಷಯ. ಆದರೆ ಈ ದಾಖಲೆಗಳೆಲ್ಲ ಭೂಮಿಯನ್ನು ಹಿಂಬಾಲಿಸಿ ಬರೆದವು. ಹೊಲವಿಲ್ಲದವನು, ಊರುಬಿಟ್ಟವನು ಅವುಗಳಲ್ಲಿ ಸಿಕ್ಕುವುದು ಅಪೂರ್ವ. ಹೆಳವನು ಹಿಂಬಾಲಿಸುವುದು ರಕ್ತಸಂಬಂಧವನ್ನು. ಒಕ್ಕಲು ಗುಳೆಹೋದರೆ ಅವನೂ ಅಲ್ಲಿಗೆ ಹೋಗುವನು. ಇದೇ ಅವನ ಹೊತ್ತಗೆಯ ಹೆಚ್ಚುಗಾರಿಕೆ.

ಇನ್ನು ಕಾಲನಿರ್ಣಯದ ತೊಡಕು. ಹಳೆಯ ದೇಶೀಯ ಬರಹಗಳಲ್ಲಿ ಶಕವರ್ಷವಿದ್ದರೆ ಭಾಗ್ಯ. ಬಹಳ ಕಡೆ ಸಂವತ್ಸರದ ಹೆಸರು ಮಾತ್ರವಿರುವುದು. ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, “ಧಾತು ಸಂವತ್ಸರದಲ್ಲಿ ಊರು ಬಿಟ್ಟನು” ಎಂದು ಇದ್ದರೆ ಅದು 1816–17 ಆಗಬಹುದು, 1876–77 ಆಗಬಹುದು, 1936–37 ಕೂಡ ಆಗಬಹುದು. ಇವುಗಳಲ್ಲಿ ನಡುವಣದು ಮಹಾಕ್ಷಾಮದ ವರ್ಷ. ಬಳ್ಳಾರಿ ಸೀಮೆಯು ಆ ಧಾತು, ಈಶ್ವರ ಸಂವತ್ಸರಗಳಲ್ಲಿ ಪಟ್ಟ ಪಾಡು ಪ್ರಸಿದ್ಧವಾದುದು. ಆದುದರಿಂದ ಧಾತುವೆಂದ ಕೂಡಲೆ ಬರಗಾಲವನ್ನು ನೆನೆದು 1876 ಎಂದು ಬರೆದುಬಿಡುವ ಚಪಲವು ಸಂಶೋಧಕನಿಗೆ ಸಹಜ. ಹಾಗೆ ಮಾಡಬಾರದು. ಆ ವ್ಯಕ್ತಿಯಿಂದ ಈಚೆಗೆ ಎಷ್ಟು ತಲೆಮಾರುಗಳಿವೆ ಎಂದು ಎಣಿಸಿ, ಜಮೀನಿನ ಪುಸ್ತಕದಲ್ಲಿ ಅವನ ಮಗನ ಹೆಸರು ಯಾವ ಫಸಲಿಯಲ್ಲಿ ಕಾಣುವುದೆಂದು ನೋಡಿ ನಿರ್ಣಯಿಸಬೇಕು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತವರ್ಷ ಬರುವುದು. ಫಸಲಿ 1300 ಎಂದರೆ 1890ನೆಯ ಜುಲೈಯಿಂದ 1891ನೆಯ ಜೂನ್ ವರೆಗೆ. ಡಿಜಿಟಲ್ ಪಟ್ಟಿಯಲ್ಲಿ ಮೂಲದಲ್ಲಿರುವ ಕಾಲದ ಮಾತು ಒಂದು ಅಂಕಣದಲ್ಲಿಯೂ, ಸಂಪಾದಕನು ಊಹಿಸಿದ ವರ್ಷವು ಇನ್ನೊಂದು ಅಂಕಣದಲ್ಲಿಯೂ ಇರತಕ್ಕದ್ದು. ಇವೆರಡನ್ನು ಬೆರೆಸಿದರೆ ಮುಂದಿನವರಿಗೆ ಮೂಲವೂ ಇಲ್ಲ, ಊಹೆಯೂ ಇಲ್ಲ.

ಹೆಸರುಗಳದು ಇದಕ್ಕಿಂತ ದೊಡ್ಡ ಗೋಜು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ವಂಶದಲ್ಲಿ ಬಸಪ್ಪ, ಕೊಟ್ರಪ್ಪ, ಮತ್ತೆ ಬಸಪ್ಪ, ಮತ್ತೆ ಕೊಟ್ರಪ್ಪ ಎಂದು ಸರಣಿ ನಡೆಯುವುದು. ಕೊಟ್ಟೂರು ಬಸವೇಶ್ವರನ ಭಕ್ತಿಯಿರುವ ಈ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪರಿಗೆ ಲೆಕ್ಕವಿಲ್ಲ. ಇಲ್ಲಿ ಬರಿಯ ಹೆಸರಿನಿಂದ ಹುಡುಕುವ ಯಂತ್ರವು ಸಹಾಯಕ್ಕಿಂತ ಭ್ರಮೆಯನ್ನೇ ಹೆಚ್ಚಾಗಿ ಕೊಡುವುದು. ಊರು, ಬೆಡಗು, ಮನೆದೇವರು, ತಂದೆಯ ಹೆಸರು ಈ ನಾಲ್ಕೂ ಕೂಡಿದಾಗಲೇ ಒಬ್ಬ ಮನುಷ್ಯನು ಗುರುತಿಗೆ ಸಿಕ್ಕುವನು. ಸ್ತ್ರೀಯರ ವಿಷಯದಲ್ಲಿ ಹೇಳುವುದಾದರೆ, ವಂಶಾವಳಿಯು ಗಂಡುಸಂತತಿಯ ಏಣಿ. ಹೆಣ್ಣುಮಗಳು ಅದರ ಮೆಟ್ಟಿಲಲ್ಲ. ಹೇಳಿಕೆಯಲ್ಲಿ ಕೆಲವು ವೇಳೆ ಸೊಸೆಯ ತವರೂರು ಬರುವುದುಂಟು. ಹೇಳಿಕೆಯನ್ನು ಧ್ವನಿಮುದ್ರಿಸಬೇಕೆನ್ನುವುದಕ್ಕೆ ಇದೊಂದೇ ಕಾರಣವು ಸಾಕು.

ಪ್ರತಿಮಾಡುವ ವಿಧಾನವನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಹೊತ್ತಗೆಯನ್ನು ಬಿಚ್ಚದೆ, ಒತ್ತದೆ, ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವುದು ಮೇಲು. ಗಾಜಿನ ಸ್ಕ್ಯಾನರಿನ ಮೇಲೆ ಕವುಚಿದರೆ ಹಳೆಯ ಹೊಲಿಗೆಯು ಹರಿಯುವುದು. ಬಟ್ಟೆಗೆ ಮಸಿ ಬಳಿದ ಕಡತವಾದರೆ ನೇರವಾದ ಬೆಳಕಿನಲ್ಲಿ ಹೊಳೆಯುವುದರಿಂದ ಬೆಳಕನ್ನು ಓರೆಯಾಗಿ ಬಿಡಬೇಕು. ತಾಮ್ರಪಟಕ್ಕೂ ಇದೇ ಕ್ರಮ. ಮೂಲಚಿತ್ರವನ್ನು ಕುಗ್ಗಿಸದೆ ಟಿಫ್ ರೂಪದಲ್ಲಿ ಕಾಯ್ದಿಟ್ಟು, ನೋಡುವುದಕ್ಕೆ ಸಣ್ಣ ಪ್ರತಿಯನ್ನು ಬೇರೆ ಮಾಡಬೇಕು. ಅಚ್ಚಿನ ಕನ್ನಡವನ್ನು ಗಣಕಯಂತ್ರವು ಈಗ ತಕ್ಕಮಟ್ಟಿಗೆ ಓದಬಲ್ಲುದು. ಹಳೆಯ ಕೈಬರಹವನ್ನು ಓದಲು ಮನುಷ್ಯನೇ ಬೇಕು. ಅವನ ಪಕ್ಕದಲ್ಲಿ ಹೆಳವನೇ ಕುಳಿತಿರಬೇಕು. ಬರೆದವನ ಮೊಮ್ಮಗನಿಗೆ ಮಾತ್ರ ತಿಳಿಯುವ ಸಂಕೇತಗಳು ಆ ಪುಟಗಳಲ್ಲಿರುವುವು.

ನಿಜವಾದ ಕಷ್ಟವು ಯಂತ್ರದಲ್ಲಿಲ್ಲ, ಒಡೆತನದಲ್ಲಿದೆ. ಹರಿದ್ವಾರದ ಪಂಡರ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘದವರು ಮೈಕ್ರೋಫಿಲ್ಮಿನಲ್ಲಿ ತೆಗೆದುಕೊಂಡರು. ಪಂಡನ ಬಳಿಗೆ ಯಾತ್ರಿಕನು ಶ್ರಾದ್ಧಕ್ಕಾಗಿ ಬಂದೇ ಬರುವನು. ವಹಿಯ ನಕಲು ಹೊರಗೆ ಹೋದರೂ ಅವನ ವೃತ್ತಿಯು ನಿಲ್ಲುವುದಿಲ್ಲ. ಹೆಳವನ ಸ್ಥಿತಿ ಹಾಗಲ್ಲ. ಅವನ ಜೀವನವೇ ಆ ಹೊತ್ತಗೆ. ಒಕ್ಕಲಿನವರು ತಮ್ಮ ವಂಶವನ್ನು ಕೈಫೋನಿನಲ್ಲಿಯೇ ನೋಡಿಕೊಳ್ಳುವಂತಾದರೆ ಸುಗ್ಗಿಯಲ್ಲಿ ಬಾಗಿಲಿಗೆ ಬಂದವನಿಗೆ ಕಾಳು ಅಳೆಯುವವರಾರು? ಹೊಸ ಜನನಗಳನ್ನು ಬರೆದುಕೊಳ್ಳುವವರಾರು? ಪ್ರತಿಮಾಡಿದ ದಿನಕ್ಕೆ ವಂಶಾವಳಿಯು ನಿಂತುಹೋಗುವುದು. ಹೆಳವರು ಅನೇಕ ವೇಳೆ ಹೊತ್ತಗೆಯನ್ನು ತೋರಿಸಲು ಹಿಂಜರಿಯುವುದನ್ನು ಅಜ್ಞಾನವೆಂದು ತಿಳಿಯುವ ವಿದ್ವಾಂಸರಿದ್ದಾರೆ. ನನಗೆ ಅದು ವಿವೇಕವಾಗಿಯೇ ತೋರುವುದು.

ನ್ಯಾಯಾಲಯದ ಸಂಬಂಧವೂ ಒಂದುಂಟು. ಬಾಂಧವ್ಯದ ಪ್ರಶ್ನೆಯು ಬಂದಾಗ ವಂಶಾವಳಿಯ ಬರಹವು ಸಾಕ್ಷ್ಯವಾಗಬಹುದೆಂದು 1872ರ ಸಾಕ್ಷ್ಯ ಅಧಿನಿಯಮದ 32ನೆಯ ಪ್ರಕರಣವು ಹೇಳುತ್ತಿತ್ತು. 2024ನೆಯ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ತತ್ತ್ವವು ಉಳಿದಿದೆ. ಆದರೆ ಬರಹವು ವಿವಾದವು ಏಳುವುದಕ್ಕೆ ಮೊದಲೇ ಆದುದಾಗಿರಬೇಕು. ದತ್ತಕ, ಆಸ್ತಿ, ಜಾತಿಯ ನಿರ್ಣಯಗಳಲ್ಲಿ ಒಂದು ಹೆಸರನ್ನು ನಡುವೆ ತೂರಿಸುವ ಆಸೆಯು ಯಾರಿಗಾದರೂ ಹುಟ್ಟಬಹುದು. ದಿನಾಂಕದೊಡನೆ ಭದ್ರವಾಗಿಟ್ಟ ಚಿತ್ರವು ಇಂಥ ದಿನ ಈ ಪುಟದಲ್ಲಿ ಇಷ್ಟೇ ಇತ್ತೆಂದು ತೋರಿಸಿ, ಒಕ್ಕಲನ್ನೂ ಹೆಳವನನ್ನೂ ಕಾಪಾಡುವುದು. ಈ ಪ್ರಯೋಜನವನ್ನು ವಿವರಿಸಿ ಹೇಳಿದರೆ ಹೊತ್ತಗೆಯ ಒಡೆಯರು ಒಪ್ಪುವ ಸಂಭವವಿದೆ.

ಹಾಗಾದರೆ ಕೆಲಸವನ್ನು ಎಲ್ಲಿಂದ ಹಿಡಿಯಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ವಯಸ್ಸಾದ ಹೆಳವರ ಹೇಳಿಕೆಯನ್ನು ಮುದ್ರಿಸಿಕೊಳ್ಳಬೇಕು. ಕಾಗದವು ಇನ್ನೂ ಹತ್ತು ವರ್ಷ ಕಾಯಬಹುದು, ಕಂಠವು ಕಾಯದು. ಹೊತ್ತಗೆಯು ಹೆಳವನ ಮನೆಯಲ್ಲಿಯೇ ಇರಲಿ. ಚಿತ್ರದ ಒಂದು ಪ್ರತಿಯು ಅವನಿಗೆ, ಒಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಂತಹ ಸಂಸ್ಥೆಗೆ, ಮೂರನೆಯದು ದೂರದ ಬೇರೊಂದು ಭಂಡಾರಕ್ಕೆ ಸಲ್ಲಲಿ. ಎಲ್ಲರಿಗೂ ತೆರೆದಿಡತಕ್ಕದ್ದು ಊರು ಮತ್ತು ಬೆಡಗುಗಳ ಸೂಚಿ, ಅದರ ಮುಂದೆ ಆ ಊರಿನ ವಂಶವನ್ನು ಬಲ್ಲ ಹೆಳವರ ಮನೆತನ ಇರುವ ಗ್ರಾಮ, ಇಷ್ಟೇ. ಈಚಿನ ಮೂರು ತಲೆಮಾರುಗಳ ಹೆಸರುಗಳು, ಬದುಕಿರುವವರಿಗೆ ಸಂಬಂಧಿಸಿದವಾದುದರಿಂದ, ಆಯಾ ಮನೆಯವರ ಒಪ್ಪಿಗೆಯಿಲ್ಲದೆ ಹೊರಬರಬಾರದು. ಸೂಚಿಯನ್ನು ನೋಡಿದ ಒಕ್ಕಲು ತನ್ನ ಹೆಳವನನ್ನು ಕರೆಸಿ ಅಂಗಳದಲ್ಲಿ ಕೂರಿಸಿ ಕೇಳಲಿ. ಹೊಸದಾಗಿ ಹುಟ್ಟಿದ ಹೆಸರುಗಳು ಹೊತ್ತಗೆಗೆ ಏರುವುದು ಆಗಲೇ.