ಸ್ವರ ಬರೆಯಲೂ ಭಿನ್ನರಾಶಿ!

ಪಾಶ್ಚಾತ್ಯ ಸಂಗೀತವನ್ನು ಐದು ಗೆರೆಗಳ ಮೇಲೆ ಬರೆಯುತ್ತಾರೆ. ಅಚ್ಚು ಹಾಕಲು ಹಿಂದೆ ಸ್ವರಚಿಹ್ನೆಗಳನ್ನು ಲೋಹದ ತಗಡಿನಲ್ಲಿ ಕೊರೆಯುತ್ತಿದ್ದರು. ಈಗ ಕಂಪ್ಯೂಟರ್ ಇದೆ. 1996ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ 'ಲಿಲಿಪಾಂಡ್' ಇದಕ್ಕೆಂದೇ ಇರುವ ಉಚಿತ ತಂತ್ರಾಂಶ.

ಇದರಲ್ಲಿ ಸ್ವರದ ಹೆಸರಿನ ಪಕ್ಕ ಅಂಕಿ ಬರೆಯಬೇಕು. 4 ಎಂದರೆ ಕಾಲು, 2 ಎಂದರೆ ಅರ್ಧ. ನಿಂತ ಗೆರೆಗಳು ಸಂಗೀತವನ್ನು ಮನೆಗಳಾಗಿ ಭಾಗ ಮಾಡುತ್ತವೆ. ನಾಲ್ಕು ಎಣಿಕೆಯ ತಾಳದಲ್ಲಿ ಪ್ರತಿ ಮನೆಯ ಮೊತ್ತ 1 ಆಗಬೇಕು: 1/4 + 1/4 + 1/2 = 1. ಒಂದು ಕಾಲು ಬಿಟ್ಟುಹೋದರೆ? ಮುಂದಿನ ಮನೆಯ ಸ್ವರ ಹಿಂದಕ್ಕೆ ಸರಿದು, ಆಮೇಲಿನದೆಲ್ಲ ತಪ್ಪುತ್ತದೆ!

ಆದ್ದರಿಂದ ಪ್ರತಿ ಮನೆಯ ಕೊನೆಗೆ | ಗುರುತು ಹಾಕಬೇಕು. ಲೆಕ್ಕ ತಪ್ಪಿದ್ದರೆ ತಂತ್ರಾಂಶ ಸಾಲಿನ ಸಂಖ್ಯೆ ತೋರಿಸಿ ಎಚ್ಚರಿಸುತ್ತದೆ. ಅಲ್ಲಿ ಭಿನ್ನರಾಶಿಗಳನ್ನು ಕೂಡಿ ನೋಡಿದರೆ ತಪ್ಪು ಸಿಗುತ್ತದೆ.

ಮಾಡಿ ನೋಡಿ: ಮನೆಯಲ್ಲಿ 1/2, 1/8, 1/8 ಇವೆ. ತುಂಬಲು ಇನ್ನೆಷ್ಟು ಬೇಕು?
(ಉತ್ತರ: 1/4)